ಅತ್ತೆಯ ಬ್ಯಾಗಿನಲ್ಲಿ ಜಾಗ

ಕ್ಯಾಲಿಫೋರ್ನಿಯಾದ ಡಬ್ಲಿನ್ನಿನ ಕನ್ನಡದ ಮನೆಗಳಲ್ಲಿ ವಿಜಯಶ್ರೀಗೆ ಈಗ ಒಂದು ಬಿರುದು ಇದೆ: ಅತ್ತೆಯನ್ನೇ ಹಿಡಿದುಕೊಟ್ಟ ಸೊಸೆ. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವವರು ಯಾರು? ನಾಲಿಗೆಗೆ ಎಲುಬಿಲ್ಲ, ಹೇಗೆ ಬೇಕಾದರೂ ಹೊರಳುತ್ತದೆ. ಇಂಡಿಯನ್ ಗ್ರೋಸರಿಯಲ್ಲಿ ಮೆಂತ್ಯ ಸೊಪ್ಪು ಆರಿಸುವಾಗ ಎದುರಾದವರು ನಗುತ್ತಾರೆ, ಮಗಳು ಹೇಗಿದ್ದಾಳೆ ಎಂದು ಕೇಳುತ್ತಾರೆ. ಊರಿಗೆ ಹೊರಟ ಸುದ್ದಿಯನ್ನು ಮಾತ್ರ ಅವಳ ಮುಂದೆ ಎತ್ತುವುದಿಲ್ಲ. ಮುಂಚೆ ಹೀಗಿರಲಿಲ್ಲ. ಅವಳ ಮನೆಯಿಂದ ಯಾರಾದರೂ ಊರಿಗೆ ಹೊರಟರೆ ಸಾಕು, ವಾರ ಮೊದಲೇ ಬಾಗಿಲಿಗೆ ಪೊಟ್ಟಣಗಳು ಬಂದು ಬೀಳುತ್ತಿದ್ದವು. ಹೋದ ಜೂನ್ ತಿಂಗಳ ಒಂದು ಮಂಗಳವಾರದಿಂದ ಈಚೆಗೆ ಒಂದೂ ಬಂದಿಲ್ಲ. ಆ ಮಂಗಳವಾರ ಏನಾಯಿತು ಎಂಬುದನ್ನು ಮೊದಲಿನಿಂದ ಹೇಳಬೇಕು. ಅರ್ಧ ಕೇಳಿದವರೇ ಪೂರ್ತಿ ಮಾತಾಡುವುದು.

ವಿಜಯಶ್ರೀ ಗದಗಿನವಳು. ತಂದೆ ಗುರುಶಾಂತಪ್ಪ ಅಲ್ಲಿನ ಮಾರುಕಟ್ಟೆಯಲ್ಲಿ ಹತ್ತಿ, ಮೆಣಸಿನಕಾಯಿ ತೂಗುವ ಕೆಲಸದಲ್ಲಿದ್ದವರು. ಚೀಲ ಎಂಥ ದೊಡ್ಡವರ ಮನೆಯದಾಗಲಿ, ಬಾಯಿ ಬಿಚ್ಚಿ ಮೊಳಕೈ ತನಕ ಕೈ ಹಾಕಿ ನೋಡದೆ ಅದನ್ನು ತಕ್ಕಡಿಗೆ ಏರಿಸುತ್ತಿರಲಿಲ್ಲ. ಸ್ವಂತ ಬೀಗರ ಚೀಲಕ್ಕೂ ಕೈ ಹಾಕಿದ್ದಕ್ಕೆ ಅವರು ಎರಡು ವರ್ಷ ಮಾತು ಬಿಟ್ಟಿದ್ದರಂತೆ. "ಚೀಲ ಬಿಚ್ಚಿದ್ರ ಕೆಡೂ ಸಂಬಂಧ ಕೆಡ್ಲಿ ಬಿಡ" ಎನ್ನುವುದು ಆತನ ಮಾತು. ಈ ಮಾತನ್ನು ಕೇಳುತ್ತ ಬೆಳೆದ ಮಗಳು ಧಾರವಾಡದಲ್ಲಿ ಭೌತಶಾಸ್ತ್ರ ಓದಿದಳು, ಸಿದ್ಧಾರೂಢನನ್ನು ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದಳು, ಬಂದು ಏಳು ವರ್ಷ ಗಂಡನ ವೀಸಾದ ಬಾಲ ಹಿಡಿದು ಮನೆಯಲ್ಲೇ ಕೂತಳು. ಕೆಲಸ ಮಾಡುವ ಪರವಾನಗಿ ಅವಳಿಗಿರಲಿಲ್ಲ. ಅದು ಸಿಕ್ಕ ದಿನ ಹೇವರ್ಡಿನ ಒಂದು ಪಂಪು-ವಾಲ್ವಿನ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಯಾವ ಸಾಮಾನನ್ನು ಪರವಾನಗಿ ಇಲ್ಲದೆ ದೇಶದಾಚೆ ಕಳಿಸಬಾರದು ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡಿದ್ದು ಅಲ್ಲಿ. ಆ ಪಟ್ಟಿಯೇ ಮುಂದೆ ಅವಳನ್ನು ಸ್ಯಾನ್ ಮಟಿಯೋದ ಈಗಿನ ಆಫೀಸಿಗೆ ತಂದಿತು.

ಆ ಆಫೀಸಿನಲ್ಲಿ ಮಾಡುವ ಕೆಲಸವನ್ನು ಅವಳು ಅತ್ತೆ ಬಂಗಾರೆವ್ವನಿಗೆ ಹೇಳಿ ತಿಳಿಸಿದ್ದು ಹೀಗೆ. ಅಣುಬಾಂಬು ಯಾರೂ ಇಡಿಯಾಗಿ ಹೊತ್ತುಕೊಂಡು ಗಡಿ ದಾಟುವುದಿಲ್ಲ. ಬಿಡಿ ಬಿಡಿಯಾಗಿ, ಒಂದು ಪಂಪು, ಒಂದು ಕೊಳವೆ, ಒಂದು ಮಾಪಕ ಎಂದು, ಪಾಪದ ಮುಖ ಹೊತ್ತ ಸಾಮಾನುಗಳು ನಾಲ್ಕು ದೇಶ ಸುತ್ತಿ ಹೋಗಿ ಎಲ್ಲೋ ಒಂದು ಕಡೆ ಸೇರುತ್ತವೆ. ದಾರಿಯಲ್ಲಿರುವ ಬಡ ದೇಶಗಳ ಗಡಿ ಚೌಕಿಗಳಲ್ಲಿ ಕೂತವರಿಗೆ ಅವು ಯಾವುವೆಂದು ಗುರುತು ಸಿಗುವುದಿಲ್ಲ. ಅದಕ್ಕೆಂದು ಹಲವು ದೇಶಗಳು ಒಟ್ಟಾಗಿ ಹಣ ಹಾಕಿ ಒಂದು ನಿಧಿ ಕಟ್ಟಿವೆ. ಆ ನಿಧಿಯಿಂದ ಚೌಕಿಗಳಿಗೆ ಸ್ಕ್ಯಾನರು, ವಿಕಿರಣ ಹಿಡಿಯುವ ಯಂತ್ರ, ತರಬೇತಿ ಎಲ್ಲ ಹೋಗುತ್ತದೆ. ವಿಜಯಶ್ರೀ ಮಾಡುವುದು ತರಬೇತಿಯ ಚಿತ್ರದ ಕಾರ್ಡುಗಳನ್ನು. ಒಂದು ಬದಿಗೆ ಸಾಮಾನಿನ ಫೋಟೋ, ಇನ್ನೊಂದು ಬದಿಗೆ ಅದನ್ನು ಹೊತ್ತು ತಂದವರಿಗೆ ಕೇಳಬೇಕಾದ ಮೂರು ಪ್ರಶ್ನೆ. ಒಳಗೇನಿದೆ? ಕಟ್ಟಿದವರು ಯಾರು? ನಿಮ್ಮ ಕೈಗೆ ಕೊಟ್ಟವರು ಯಾರು?

ಮೂರನೆಯ ಪ್ರಶ್ನೆ ಅವಳೇ ಸೇರಿಸಿದ್ದು. ಎರಡು ಸಾಕು ಎಂದು ದೊಡ್ಡವರೆಲ್ಲ ವಾದಿಸಿದಾಗ ಅವಳು ಬಿಡಲಿಲ್ಲ. ಹೊತ್ತವನಿಗೆ ಒಳಗಿರುವುದು ಗೊತ್ತಿರುವುದಿಲ್ಲ, ಆದರೆ ಕೊಟ್ಟವನ ಮುಖ ಗೊತ್ತಿರುತ್ತದೆ, ಒಂದು ಕೈಯಿಂದ ಹಿಂದಿನ ಕೈಗೆ ಹೋಗುತ್ತ ಹೋದರೆ ಬೇರು ಸಿಗುತ್ತದೆ ಎಂದು ಹಟ ಹಿಡಿದಿದ್ದಳು. ಕಾರ್ಡುಗಳು ಹನ್ನೊಂದು ಭಾಷೆಗಳಲ್ಲಿ ಅಚ್ಚಾದವು. ಕೇಳಿದ ಬಂಗಾರೆವ್ವ, "ಹಂಗಾರ ನಿಮ್ಮಪ್ಪನ ಕೆಲಸಾನ ಮಾಡಾಕತ್ತೀ ಅನ್ನು" ಎಂದಿದ್ದಳು. ಇಷ್ಟು ಚೆನ್ನಾಗಿ ಯಾರೂ ಅವಳನ್ನು ಹೊಗಳಿರಲಿಲ್ಲ.

ಆದರೆ ದೀಪದ ಬುಡದಲ್ಲೇ ಕತ್ತಲೆ ಅಲ್ಲವೆ? ಇಲ್ಲಿನ ನಮ್ಮ ಜನದಲ್ಲಿ ಒಂದು ಪದ್ಧತಿ ಇದೆ. ಊರಿಗೆ ಹೋಗುವವರ ಬ್ಯಾಗು ಬರೀ ಅವರದಲ್ಲ, ಊರವರೆಲ್ಲರದೂ. ಒಬ್ಬರ ತಂಗಿಗೆ ವಿಟಮಿನ್ನು, ಇನ್ನೊಬ್ಬರ ಅಳಿಯನಿಗೆ ಶೂ, ಮತ್ತೊಬ್ಬರ ಮೊಮ್ಮಗನಿಗೆ ಆಟಿಕೆ. ವಾಟ್ಸಾಪಿನಲ್ಲಿ ಇದಕ್ಕಾಗಿಯೇ ಗುಂಪುಗಳಿವೆ. "ಬ್ಯಾಗಲ್ಲಿ ಜಾಗ ಇದ್ಯಾ?" ಎಂದು ಕೇಳುವುದು ಸಲುಗೆ, "ಒಳಗೇನಿದೆ?" ಎಂದು ಕೇಳುವುದು ಅವಮಾನ. ಕೇಳಿದರೆ ನಂಬಿಕೆ ಇಲ್ಲವೆಂದಾಯಿತು.

ಬಂಗಾರೆವ್ವ ಆರು ತಿಂಗಳು ಮಗನ ಮನೆಯಲ್ಲಿದ್ದು ಮಂಗಳವಾರ ಹೊರಡುವವಳಿದ್ದಳು. ದಾರಿಯಲ್ಲಿ ದುಬೈನ ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು, ಆಮೇಲೆ ಹುಬ್ಬಳ್ಳಿ. ಭಾನುವಾರ ಸಂಜೆ ಪಕ್ಕದ ಬೀದಿಯ ಅಭಿರಾಮ್ ಬಂದ. ಬೆಂಗಳೂರಿನವನು, ಕನ್ನಡ ಕೂಟದ ಕೆಲಸವೆಲ್ಲ ತಲೆಯ ಮೇಲೆ ಹೊತ್ತು ಓಡಾಡುವವನು. ಕೈಯಲ್ಲಿ ಟೇಪು ಸುತ್ತಿದ ಒಂದು ಸಣ್ಣ ರಟ್ಟಿನ ಬಾಕ್ಸು.

"ಸ್ವಲ್ಪ ಜಾಗ ಇದ್ಯಾ ವಿಜಯಶ್ರೀ ಅವ್ರೇ? ಇದೊಂದೇ. ದುಬೈನಲ್ಲಿ ಅವ್ರೇ ಮನೆಗೆ ಬಂದು ತಗೊಂಡ್ ಹೋಗ್ತಾರಂತೆ."

"ಅದಕ್ಕೇನ್ರಿ, ಕೊಡ್ರಿ. ಅತ್ತಿ ಬ್ಯಾಗಿನಾಗ ಬೇಕಾದಷ್ಟು ಜಾಗ ಐತಿ."

ತಾನೇ ಕೈ ಚಾಚಿ ತೆಗೆದುಕೊಂಡಳು. ತಾನೇ ಒಳಗೆ ಒಯ್ದು ಅತ್ತೆಯ ಕೈಗೆ ಕೊಟ್ಟಳು. ಏನೂ ಕೇಳಲಿಲ್ಲ. ಹೇಗೆ ಕೇಳಿಯಾಳು? ಗುರುಶಾಂತಪ್ಪ ತೀರಿಕೊಂಡಾಗ ವೀಸಾದ ತೊಡಕಿನಿಂದ ಅವಳಿಗೆ ಮಣ್ಣಿಗೂ ಹೋಗಲಾಗಿರಲಿಲ್ಲ. ರಜೆಗೆ ಬೆಂಗಳೂರಿಗೆ ಹೋಗಿದ್ದ ಅಭಿರಾಮ್ ಅಲ್ಲಿಂದ ಗದಗಿಗೆ ಬಸ್ಸು ಹಿಡಿದು, ತಂದೆಯ ಕೈಗಡಿಯಾರವನ್ನು ತನ್ನ ಬ್ಯಾಗಿನಲ್ಲಿಟ್ಟು ತಂದುಕೊಟ್ಟಿದ್ದ. ಅಂಥವನಿಗೆ ಬಾಕ್ಸು ಬಿಚ್ಚು ಎನ್ನಲು ಬಾಯಿ ಬರುತ್ತದೆಯೇ?

ಮಂಗಳವಾರ ಮಧ್ಯಾಹ್ನ ಒಂದು ಗಂಟೆ. ನಿಧಿಗೆ ಹಣ ಹಾಕುವ ದೇಶಗಳ ಪ್ರತಿನಿಧಿಗಳು ಅಂದು ಆಫೀಸಿಗೆ ಬಂದಿದ್ದರು. ಕಾರ್ಯಕ್ರಮವನ್ನು ಇನ್ನೂ ಮೂರು ವರ್ಷ ನಡೆಸಬೇಕೋ ಬೇಡವೋ ಎಂದು ನಿರ್ಧರಿಸುವವರು ಅವರು. ಮೂರು ಗಂಟೆಗೆ ವಿಜಯಶ್ರೀ ಅವರ ಮುಂದೆ ಕಾರ್ಡುಗಳನ್ನು ತೋರಿಸಬೇಕು. ಪ್ರಾಜೆಕ್ಟಿನ ಮುಖ್ಯಸ್ಥೆ, ಮೈಸೂರಿನ ಮೈಥಿಲಿ, ಗಾಜಿನ ಗೋಡೆಯ ಆಚೆ ಅವರ ಜೊತೆ ಕೂತಿದ್ದಳು. ವಿಜಯಶ್ರೀ ಮೇಜಿನ ಮುಂದೆ ಚಪಾತಿ ಸುರುಳಿ ತಿನ್ನುತ್ತ ಮೂವತ್ತೊಂದನೆಯ ಕಾರ್ಡನ್ನು ತಿದ್ದುತ್ತಿದ್ದಳು. ಫೋನು ಗುಂಯ್ ಎಂದಿತು. ಬೇಸಿಗೆ ರಜೆಯಲ್ಲಿದ್ದ ಮಗಳು ಸಂಯುಕ್ತಾ, ಬೆಳಿಗ್ಗೆ ಅಜ್ಜಿ ಬ್ಯಾಗು ತುಂಬುವಾಗ ತೆಗೆದ ಫೋಟೋ ಕಳಿಸಿದ್ದಳು.

ಬಂಗಾರೆವ್ವನಿಗೆ ರಟ್ಟು ಕಂಡರೆ ಆಗದು. ರಟ್ಟಿನ ಭಾರಕ್ಕೆ ಯಾಕೆ ಜಾಗ ದಂಡ ಎಂದು ಯಾರು ಏನು ಕೊಟ್ಟರೂ ಬಾಕ್ಸು ಹರಿದೆಸೆದು, ಸಾಮಾನನ್ನು ಹಳೆಯ ಇಳಕಲ್ಲ ಸೀರೆಯ ತುಂಡಿನಲ್ಲಿ ಸುತ್ತುವವಳು. ಫೋಟೋದಲ್ಲಿ ಹಾಸಿಗೆಯ ಮೇಲೆ ಬಾದಾಮಿ, ವಿಟಮಿನ್ನಿನ ಡಬ್ಬಿ, ಚಾಕಲೇಟು, ಮಂಡಿನೋವಿನ ಮುಲಾಮು. ನಡುವೆ, ಅರ್ಧ ಸುತ್ತಿದ ಸೀರೆಯ ತುಂಡಿನ ಮೇಲೆ, ಟೊಮೇಟೊ ಡಬ್ಬಿಯಷ್ಟು ದಪ್ಪದ ಹೊಳೆಯುವ ಸ್ಟೀಲಿನ ಉರುಳೆ. ತಲೆಯ ಮೇಲೆ ತಂತಿ ಸಿಕ್ಕಿಸುವ ಕಂಡಿ, ಬುಡದಲ್ಲಿ ಸಣ್ಣ ಕೊಳವೆ.

ಅವಳು ಫೋಟೋ ನೋಡಿದಳು. ಪರದೆಯ ಮೇಲಿದ್ದ ಮೂವತ್ತೊಂದನೆಯ ಕಾರ್ಡು ನೋಡಿದಳು. ಎರಡೂ ಒಂದೇ.

ಅದು ಅನಿಲದ ಒತ್ತಡ ಅಳೆಯುವ ಮಾಪಕ. ಕಂಪ್ಯೂಟರ್ ಚಿಪ್ ಮಾಡುವ ಕಾರ್ಖಾನೆಗೂ ಬೇಕು, ಬಾಂಬಿಗೆಂದು ಯುರೇನಿಯಂ ಶುದ್ಧಗೊಳಿಸುವ ಯಂತ್ರಗಳಿಗೂ ಬೇಕು. ಕೈಯಲ್ಲಿದ್ದ ಚಪಾತಿ ಹಾಗೇ ಉಳಿಯಿತು. ಮನೆಗೆ ಫೋನು ಹಚ್ಚಿದಳು.

"ಸಂಯುಕ್ತಾ, ಅಜ್ಜಿ ಎಲ್ಲಿ?"

"ದೇ ಲೆಫ್ಟ್ ಅಮ್ಮಾ. ಅಪ್ಪಾ ಟುಕ್ ಹರ್."

"ಅಜ್ಜಿ ಹರಿದು ಒಗೆದ ಬಾಕ್ಸು ಇರ್ತದ ನೋಡು, ಅಭಿರಾಮ್ ಅಂಕಲ್ ಕೊಟ್ಟಿದ್ದು. ಅದರಾಗ ಏನರ ಕಾಗದ ಐತೇನು, ಓದು."

ರಿಸೈಕ್ಲಿಂಗ್ ಡಬ್ಬಿ ತಡಕಾಡುವ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ಮಗಳ ದನಿ ಸಣ್ಣಗಾಯಿತು. ಪರವಾನಗಿ ಇಲ್ಲದೆ ದೇಶದಿಂದ ಹೊರಗೆ ಕಳಿಸುವುದು ಅಪರಾಧ ಎಂದು ಆ ಕಾಗದದಲ್ಲಿ ಬರೆದಿತ್ತು. "ಅಮ್ಮಾ, ಈಸ್ ಅಜ್ಜಿ ಇನ್ ಟ್ರಬಲ್?"

ಅತ್ತೆಗೆ ಫೋನು ಮಾಡಿದಳು. ಆಫ್. ಮನೆ ಬಿಟ್ಟೊಡನೆ ಫೋನು ಆರಿಸಿಟ್ಟು, ದುಬೈನಲ್ಲಿ ಇಳಿದ ಮೇಲೇ ಹಚ್ಚುವುದು ಬಂಗಾರೆವ್ವನ ಕ್ರಮ, ಇಲ್ಲದಿದ್ದರೆ ಚಾರ್ಜು ಖರ್ಚಾಗುತ್ತದಲ್ಲ. ಗಂಡನಿಗೆ ಮಾಡಿದಳು, ಎತ್ತಲಿಲ್ಲ. ವಿಮಾನ ನಾಲ್ಕು ನಲವತ್ತಕ್ಕೆ. ಕಾರಿನ ಕೀ ಹಿಡಿದು ಎದ್ದಾಗ ಮೈಥಿಲಿ ಗಾಜಿನ ಬಾಗಿಲು ಸರಿಸಿ ಹೊರಗೆ ಬಂದಳು.

"ಎಲ್ಲಿಗೆ ಹೊರಟೆ? ಮೂರಕ್ಕೆ ನಿನ್ನ ಕಾರ್ಡ್ಸ್ ಅಲ್ವೇನೇ?"

"ಅತ್ತಿಗೆ ಹುಷಾರಿಲ್ಲರಿ" ಎಂದುಬಿಟ್ಟಳು. ಐದು ವರ್ಷದಲ್ಲಿ ಆ ಆಫೀಸಿನಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು.

ಫ್ರೀವೇಯಲ್ಲಿ ವಿಮಾನ ನಿಲ್ದಾಣಕ್ಕೆ ಹದಿನೈದು ನಿಮಿಷದ ದಾರಿ. ಆದರೆ ಕೆಟ್ಟ ಗಳಿಗೆ ಬಂತೆಂದರೆ ಎಲ್ಲ ಒಟ್ಟಿಗೇ ಬರಬೇಕು. ಮಿಲ್‌ಬ್ರೇ ಹತ್ತಿರ ಎರಡು ಕಾರು ಗುದ್ದಿಕೊಂಡು, ನಾಲ್ಕು ಲೇನಿನ ವಾಹನಗಳೆಲ್ಲ ಒಂದರಲ್ಲಿ ತೆವಳುತ್ತಿದ್ದವು. ಅಲ್ಲಿ ಕಾರಿನೊಳಗೆ ಕೂತು ಅಭಿರಾಮ್‌ಗೆ ಫೋನು ಮಾಡಿದಳು.

"ಆ ಬಾಕ್ಸು ಯಾರದು ಅಭಿರಾಮ್? ಖರೇ ಹೇಳ್ರಿ."

"ಯಾಕೆ, ಏನಾಯ್ತು? ಮೆಷೀನ್ ಪಾರ್ಟ್ ಅಂದ್ರಪ್ಪ. ನಮ್ ಗ್ರೂಪಲ್ಲಿ ತರುಣ್ ಅಂತ ಒಬ್ರಿದಾರೆ, ಹೊಸಬ್ರು. ಕೊರಿಯರ್ ತುಂಬಾ ದುಬಾರಿ, ಯಾರಾದ್ರೂ ಹೋಗೋರಿದ್ರೆ ಹೇಳಿ ಅಂದ್ರು. ಪಾಪ, ತುಂಬಾ ಮರ್ಯಾದಸ್ತರು. ಫ್ರೀಮಾಂಟಲ್ಲಿ ಕಾಫಿ ಕುಡಿಸಿ ಕೊಟ್ರು."

"ಇದೊಂದೇ ಏನು?"

"ಮಾರ್ಚಲ್ಲಿ ಎರಡು ಕಳಿಸಿದ್ವಿ. ಗುರುವಾರ ಲಾಸ್ ಆಲ್ಟೋಸ್‌ನವ್ರೊಬ್ರ ತಾಯಿ ಹೊರಟಿದಾರಲ್ಲ, ಅವ್ರ ಹತ್ರ ಒಂದಿದೆ. ಯಾಕ್ರೀ ವಿಜಯಶ್ರೀ ಅವ್ರೇ? ನಂಗೆ ಭಯ ಆಗ್ತಿದೆ."

ಆಮೇಲೆ ಹೇಳುತ್ತೇನೆ ಎಂದು ಅವಳು ಫೋನಿಟ್ಟಳು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಒರೆಸಿಕೊಳ್ಳಲು ಎಷ್ಟು ಜನರ ತಾಯಂದಿರು ಸಾಲಾಗಿ ನಿಂತಿದ್ದಾರೆ! ಇಂಗ್ಲಿಷು ಬಾರದ, ಮಂಡಿ ನೋವಿನ, ಯಾರೂ ಅನುಮಾನಿಸದ ಮುದುಕಿಯರು. ಅವಳಿಗೆ ಸಿಟ್ಟು ನೆತ್ತಿಗೇರಿತು, ಆ ತರುಣ್‌ನ ಮೇಲೂ ತನ್ನ ಮೇಲೂ.

ಆಗ ಸಿದ್ಧಾರೂಢನ ಫೋನು ಬಂತು. ತಾಯಿಯನ್ನು ಚೆಕ್-ಇನ್ ಮಾಡಿಸಿ, ವೀಲ್‌ಚೇರಿಗೆ ಒಪ್ಪಿಸಿ, ಅವನಾಗಲೇ ಆಫೀಸಿನ ದಾರಿ ಹಿಡಿದಿದ್ದ. ವಿಜಯಶ್ರೀ ಎಲ್ಲ ಹೇಳಿದಳು. ಆಮೇಲೆ ತಾನೇ ಕೇಳಿದಳು.

"ಆ ಸೀರಿ ಗಂಟು ಎಲ್ಲಿ ಐತ್ರಿ? ದೊಡ್ಡ ಬ್ಯಾಗಿನಾಗೋ ಕೈಚೀಲದಾಗೋ?"

"ಕೌಂಟರಿನಾಗ ತೂಕ ಜಾಸ್ತಿ ಆತು ಅಂತ ಅವ್ವ ಅದನ್ನ ತಗದು ಕೈಚೀಲಕ್ಕ ಹಾಕ್ಯಾಳ. ವಿಜಿ, ನನ್ ಮಾತ ಕೇಳು. ಅವ್ವ ಒಳಗ ಹೋಗೂದರೊಳಗ ಅದನ್ನ ಇಸ್ಕೊ. ಯಾರ ಮುಂದೂ ಉಸಿರ ಬಿಡಬ್ಯಾಡ. ಸೀದಾ ಅಭಿರಾಮ್‌ಗ ವಾಪಸ್ ಒಗದ ಬರೂಣು. ಹನ್ನೆರಡು ವರ್ಷ ಆತು ಗ್ರೀನ್ ಕಾರ್ಡಿನ ಪಾಳಿ ಹಚ್ಚಿ. ಇಂಥಾದ್ರಾಗ ನಮ್ಮ ಹೆಸರ ಬಂತಂದ್ರ ಮುಗೀತು. ಸಂಯುಕ್ತಾನ ಸಾಲಿ, ಮನಿ, ಎಲ್ಲಾ ಬಿಟ್ಟು ನಡೀಬೇಕಾಗತೈತಿ."

ಅವನು ಹೇಳಿದ್ದು ಸುಳ್ಳಲ್ಲ. ಹನ್ನೆರಡು ವರ್ಷ ಅವರು ಕೆಂಪು ದೀಪ ದಾಟಿದವರಲ್ಲ, ಲೈಬ್ರರಿ ಪುಸ್ತಕ ತಡವಾಗಿ ಕೊಟ್ಟವರಲ್ಲ. ಒಂದು ಕಾಗದ ತಪ್ಪಿದರೆ ಏಣಿಯ ಬುಡಕ್ಕೆ ಬೀಳುತ್ತೇವೆ ಎಂದು ಉಸಿರು ಬಿಗಿಹಿಡಿದು ಬದುಕಿದವರು. ಈಗ ಬಿಸಿತುಪ್ಪ ಬಾಯಲ್ಲಿದೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮುಂದಿನ ಕಾರು ಒಂದು ಮಾರು ಸರಿಯಿತು. ಇವಳೂ ಸರಿದಳು.

ಎರಡೂವರೆಗೆ ಕಾರು ನಿಲ್ಲಿಸಿ ಓಡಿದಳು. ಇಂಟರ್‌ನ್ಯಾಷನಲ್ ಟರ್ಮಿನಲ್ಲಿನ ಉದ್ದಕ್ಕೆ ಓಡುವಾಗ ಒಂದು ಚಪ್ಪಲಿ ಕಾಲಿನಿಂದ ಜಾರಿತು, ಅದನ್ನೆತ್ತಿ, ಇನ್ನೊಂದನ್ನೂ ಕಳಚಿ ಕೈಯಲ್ಲಿ ಹಿಡಿದಳು. ಸೆಕ್ಯೂರಿಟಿಯ ಬಾಗಿಲಿನಲ್ಲಿ ವೀಲ್‌ಚೇರುಗಳಿಗೆ ಬೇರೆ ಸಾಲು. ಮೂರನೆಯದರಲ್ಲಿ ಬಂಗಾರೆವ್ವ ತಲೆಯ ಮೇಲೆ ಸೆರಗು ಹೊದ್ದು, ಮಡಿಲಲ್ಲಿ ಕೈಚೀಲ ಅವುಚಿಕೊಂಡು ಕೂತಿದ್ದಳು. ಎರಡು ಕುರ್ಚಿ ಸರಿದರೆ ಅವಳು ಒಳಗೆ, ಟಿಕೀಟಿಲ್ಲದ ಸೊಸೆ ಹೊರಗೆ. ಒಂದು ಕುರ್ಚಿ ಸರಿಯಿತು.

"ಅತ್ತೀ!"

ಗದಗಿನ ಮಾರುಕಟ್ಟೆಯಲ್ಲಿ ಈ ತುದಿಯಿಂದ ಆ ತುದಿಗೆ ಕೂಗುವ ಕೂಗು ಅದು. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಬಂಗಾರೆವ್ವ ಸೊಸೆಯನ್ನು ನೋಡಿದಳು, ಅವಳ ಕೈಯಲ್ಲಿದ್ದ ಚಪ್ಪಲಿ ನೋಡಿದಳು, ಕುರ್ಚಿಯಿಂದ ದಡಕ್ಕನೆ ಎದ್ದು, ಹಗ್ಗದ ಕೆಳಗೆ ತೂರಿ, ನಡೆದುಕೊಂಡೇ ಬಂದುಬಿಟ್ಟಳು. ಇಂಗ್ಲಿಷು ಬಾರದ್ದಕ್ಕೆ ವೀಲ್‌ಚೇರೇ ಹೊರತು ಕಾಲಿಲ್ಲದ್ದಕ್ಕಲ್ಲ. ತಳ್ಳುತ್ತಿದ್ದ ಹುಡುಗಿ ಬಾಯಿ ತೆರೆದು ನಿಂತಳು.

"ಏನಾತ ಯವ್ವಾ? ಸಂಯುಕ್ತಾಗ ಏನರ ಆತೇನು?"

"ಯಾರಿಗೂ ಏನೂ ಆಗಿಲ್ಲರಿ ಅತ್ತಿ. ಇಲ್ಲಿ ಬರ್ರಿ. ಆ ಸ್ಟೀಲಿನ ಸಾಮಾನ, ಅಭಿರಾಮ್ ಕೊಟ್ಟಿದ್ದು, ಅದನ್ನ ಕೊಡ್ರಿ. ವಜ್ಜಿ ಭಾಳ ಆಗತೈತಂತ."

ಬಂಗಾರೆವ್ವ ಕೊಡಲಿಲ್ಲ. ಗೋಡೆಯ ಬದಿಯ ಬೆಂಚಿನ ಮೇಲೆ ಕೂತು, ಸೊಸೆಯ ಮುಖವನ್ನೇ ದಿಟ್ಟಿಸಿದಳು. "ವಜ್ಜಿ ಆಗತೈತಂತ ಆಫೀಸ ಬಿಟ್ಟು ಬರಿಗಾಲಿಲೇ ಓಡಿ ಬಂದ್ಯಾ? ಮೂವತ್ತು ವರ್ಷ ಸೊಸೈಟಿ ರೇಷನ್ ಅಂಗಡಿ ನಡಿಸಿದಾಕಿ ನಾ. ಸುಳ್ಳ ಹೇಳೂ ಮಂದೀನ ಭಾಳ ನೋಡೇನಿ. ಏನದು?"

ವಿಜಯಶ್ರೀ ನೆಲದ ಮೇಲೇ ಕುಕ್ಕರುಗಾಲಿನಲ್ಲಿ ಕೂತು ಎಲ್ಲ ಹೇಳಿದಳು. ಅದು ಏನು, ಎಲ್ಲಿಗೆ ಹೋಗಬಹುದು, ಮಾರ್ಚಿನಲ್ಲಿ ಹೋದದ್ದು ಎಷ್ಟು, ಸಿದ್ಧಾರೂಢ ಏನೆಂದ, ಗ್ರೀನ್ ಕಾರ್ಡು ಏನಾದೀತು, ಎಲ್ಲ. ಹೇಳುತ್ತ ಹೇಳುತ್ತ ಕೈಚೀಲದಿಂದ ಇಳಕಲ್ಲ ಸೀರೆಯ ಗಂಟು ಅವಳ ಕೈಗೆ ಬಂದಿತ್ತು. ಎಷ್ಟು ಅಚ್ಚುಕಟ್ಟಾಗಿ ಸುತ್ತಿದ್ದಾಳೆ ಮುದುಕಿ! ಬಾಕ್ಸು ಇಲ್ಲ, ಕಾಗದ ಇಲ್ಲ, ಹೆಸರಿಲ್ಲ. ನೋಡಿದವರು ಬೇಕೆಂದೇ ಬಚ್ಚಿಟ್ಟಿದ್ದಾರೆ ಎಂದೇ ಅನ್ನುವುದು. ಹತ್ತು ಹೆಜ್ಜೆ ಆಚೆ ಕಸದ ಡಬ್ಬಿ ಇತ್ತು. ಅವಳ ಕಣ್ಣು ಅದರ ಕಡೆಗೆ ಎರಡು ಸಲ ಹೋಯಿತು.

"ಒಗದ ಬರ್ತಿಯೇನು?" ಎಂದಳು ಬಂಗಾರೆವ್ವ.

"ಏನ ಮಾಡ್ಲಿ ಅತ್ತಿ? ನೀವ ಹೇಳ್ರಿ."

ಮೇಲೆ ವಿಮಾನಗಳ ಹೆಸರು ಕೂಗುತ್ತಿದ್ದರು. ವೀಲ್‌ಚೇರಿನ ಹುಡುಗಿ ಗಡಿಯಾರ ತೋರಿಸಿ ಏನೋ ಅಂದಳು.

"ಗುರುವಾರ ಹೊಂಟಾಕಿ ಯಾರು?" ಎಂದು ಬಂಗಾರೆವ್ವ ಕೇಳಿದಳು.

"ನನಗ ಗುರ್ತಿಲ್ಲರಿ. ಲಾಸ್ ಆಲ್ಟೋಸ್‌ನವರ ತಾಯಿ."

"ನನ್ನಂಥಾಕೀನ ಇರಬೇಕು." ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಇದನ್ನ ಒಗದಿ ಅಂದ್ರ ನಾ ಪಾರಾದೆ. ಆಕಿ? ಆಕಿ ಸೊಸಿ ಬಾಂಬಿನ ಆಫೀಸಿನ್ಯಾಗ ಇಲ್ಲಲ್ಲ, ಓಡಿ ಬರಾಕ. ಹೋಗು, ಯಾರಿಗೆ ಹೇಳಬೇಕೋ ಹೇಳಿ ಬಾ. ನಾ ಇಲ್ಲೇ ಕುಂತಿರತೇನಿ."

"ನಿಮ್ಮನ್ನ ಕುಂಡ್ರಿಸಿ ಕೇಳ್ತಾರ್ರಿ. ವಿಮಾನ ತಪ್ಪತೈತಿ."

"ತಪ್ಪಲಿ. ಮಗಳ ಮನಿ ಎಲ್ಲಿ ಓಡಿ ಹೋಗತೈತಿ?" ಆಮೇಲೆ ದನಿ ತಗ್ಗಿಸಿ, ಸೊಸೆಯ ಮಣಿಕಟ್ಟು ಹಿಡಿದಳು. "ಒಂದ ಮಾತ. ಯಾರ ಕೊಟ್ರು ಅಂದ್ರ ನಾ ಹೇಳತೇನಿ, ಯಾರೋ ಕೊಟ್ರು, ಮುದುಕಿ, ನೆನಪಿಲ್ಲ ಅಂತ. ನಿನ್ನ ಹೆಸರ ತಗಿಯೂದಿಲ್ಲ. ನೀನೂ ಬಾಯಿ ಬಿಡಬ್ಯಾಡ."

ಮದುವೆಯಾಗಿ ಹದಿನೈದು ವರ್ಷದಲ್ಲಿ ಈ ಹೆಂಗಸಿನ ಜೊತೆ ವಿಜಯಶ್ರೀ ಜಗಳಾಡದ ವಿಷಯವಿಲ್ಲ, ಒಗ್ಗರಣೆಯ ಸಾಸಿವೆಯಿಂದ ಹಿಡಿದು ಮಗಳ ಕೂದಲಿನ ತನಕ. ಆ ಹೆಂಗಸು ಈಗ ತನಗಾಗಿ ಪರದೇಶದ ಅಧಿಕಾರಿಗಳ ಮುಂದೆ ಸುಳ್ಳು ಹೇಳಲು ಸೆರಗು ಕಟ್ಟಿ ಕೂತಿದ್ದಾಳೆ.

"ಬ್ಯಾಡ್ರಿ ಅತ್ತಿ. ಖರೇನ ಹೇಳ್ರಿ. ನೀವು ಸುಳ್ಳ ಹೇಳಿದ್ರ ನಿಮ್ಮ ಮ್ಯಾಲೆ ಬರತೈತಿ."

ಹೇಳಿ, ಚಪ್ಪಲಿ ಮೆಟ್ಟಿಕೊಂಡು, ಗಂಟನ್ನು ಎರಡೂ ಕೈಯಲ್ಲಿ ಎಲ್ಲರಿಗೂ ಕಾಣುವಂತೆ ಹಿಡಿದು, ಸಮವಸ್ತ್ರದ ಅಧಿಕಾರಿಯ ಹತ್ತಿರ ನಡೆದಳು. ಫೋನು ಅವಳ ಜೇಬಿನಲ್ಲಿ ಗುಂಯ್‌ಗುಡುತ್ತಲೇ ಇತ್ತು. ಸಿದ್ಧಾರೂಢ. ಎತ್ತಲಿಲ್ಲ.

ಕಸ್ಟಮ್ಸಿನ ಕೋಣೆ ಚಿಕ್ಕದು, ಕಿಟಕಿ ಇಲ್ಲದ್ದು. ಮೇಜಿನ ಮೇಲೆ ಸೀರೆಯ ತುಂಡು ಬಿಚ್ಚಿ ಹಾಸಿತ್ತು, ನಡುವೆ ಮಾಪಕ ಹೊಳೆಯುತ್ತಿತ್ತು. ಅಧಿಕಾರಿ ನಡುವಯಸ್ಸಿನವನು, ಮಾತಿನಲ್ಲಿ ಒರಟಿರಲಿಲ್ಲ, ಹಾಗೆಂದು ನಗುವೂ ಇರಲಿಲ್ಲ. ಗುರುವಾರದ ಪೊಟ್ಟಣದ ವಿಷಯವನ್ನು ಅವಳು ಮೊದಲೇ ಹೇಳಿದಳು, ಅವನು ಯಾರಿಗೋ ಫೋನು ಮಾಡಿ ಬಂದ. ಆಮೇಲೆ ಮುದುಕಿಯನ್ನು ಕೇಳಬೇಕು ಎಂದ. ಸೊಸೆ ಭಾಷಾಂತರ ಮಾಡುವಂತಿಲ್ಲ, ಗೋಡೆಯ ಬದಿಗೆ ಸುಮ್ಮನೆ ಕೂತಿರಬೇಕು. ಮೇಜಿನ ಮೇಲಿನ ಸ್ಪೀಕರಿನಿಂದ ದುಭಾಷಿ ಹೆಂಗಸೊಬ್ಬಳ ಕನ್ನಡ ಕೇಳಿಬಂತು.

ಅಧಿಕಾರಿ ಒಂದು ಹಾಳೆ ತೆಗೆದ. ಅದರಲ್ಲಿದ್ದ ಪ್ರಶ್ನೆಗಳು ಯಾರು ಬರೆದದ್ದೋ ಅವಳಿಗೆ ಗೊತ್ತಿಲ್ಲ. ಇಂಥ ಕಡೆ ಎಲ್ಲರೂ ಕೇಳುವುದು ಅವನ್ನೇ ಇರಬೇಕು.

"ಅಮ್ಮಾ, ಇದರ ಒಳಗೆ ಏನಿದೆ ಎಂದು ನಿಮಗೆ ಗೊತ್ತಿತ್ತೇ?" ಎಂದಿತು ಸ್ಪೀಕರು.

"ಇಲ್ಲರಿ. ಸ್ಟೀಲಿನ ಸಾಮಾನ ಅಂತ ಕಂಡಿತ್ತು. ಏನಂತ ತಿಳೀಲಿಲ್ಲ."

"ಈ ಬಟ್ಟೆಯಲ್ಲಿ ಇದನ್ನು ಕಟ್ಟಿದವರು ಯಾರು?"

"ನಾನ. ನನ್ನ ಸೀರೀನ ಅದು. ರಟ್ಟಿನ ಡಬ್ಬಿ ಹರದ ಒಗದೆ. ಮುಚ್ಚಿಡಾಕಲ್ರಿ, ಜಾಗಕ್ಕ."

ಅಧಿಕಾರಿ 'ಜಾಗ' ಎಂದರೆ ಏನೆಂದು ಕೇಳಿ ಬರೆದುಕೊಂಡ. ಮುಂದಿನ ಪ್ರಶ್ನೆ ಯಾವುದೆಂದು ವಿಜಯಶ್ರೀಗೆ ಗೊತ್ತು. ಹನ್ನೊಂದು ಭಾಷೆಗಳಲ್ಲಿ ಗೊತ್ತು.

"ಇದನ್ನು ನಿಮ್ಮ ಕೈಗೆ ಕೊಟ್ಟವರು ಯಾರು?"

ಬಂಗಾರೆವ್ವ ಸೀರೆಯ ತುಂಡಿನ ಅಂಚನ್ನು ಬೆರಳಿನಿಂದ ನೇವರಿಸಿದಳು. ಸ್ಪೀಕರು ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿತು. ಮುದುಕಿ ತಲೆ ಎತ್ತಿ ಸೊಸೆಯನ್ನು ನೋಡಿದಳು. ಆ ಕಣ್ಣಲ್ಲಿ 'ಬ್ಯಾಡ ಅನ್ನು, ಈಗರ ಬ್ಯಾಡ ಅನ್ನು' ಎಂಬ ಮೊರೆ ಇತ್ತು. ಗ್ರೀನ್ ಕಾರ್ಡು, ಸಂಯುಕ್ತಾಳ ಶಾಲೆ, ಏಳು ವರ್ಷ ಕಾದು ಪಡೆದ ಕೆಲಸ, ಆಗಲೇ ಮೂರು ಗಂಟೆ ದಾಟಿದ್ದರಿಂದ ಗಾಜಿನ ಕೋಣೆಯಲ್ಲಿ ಅವಳ ಕಾರ್ಡುಗಳಿಗಾಗಿ ಕಾಯುತ್ತಿದ್ದವರು, ಎಲ್ಲ ಆ ಒಂದು ನೋಟಕ್ಕೆ ಜೋತುಬಿದ್ದಿದ್ದವು. ವಿಜಯಶ್ರೀ ಸುಮ್ಮನೆ ತಲೆಯಾಡಿಸಿದಳು. ಹೇಳ್ರಿ ಅತ್ತಿ.

"ನಮ್ಮ ಸೊಸಿ ಕೊಟ್ಟಾಳ್ರಿ" ಎಂದಳು ಬಂಗಾರೆವ್ವ. ಎಂದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

ಅಧಿಕಾರಿ ಹಾಳೆ ತಿರುವಿ, ಪೆನ್ನು ಹಿಡಿದು, ಗೋಡೆಯ ಕಡೆ ತಿರುಗಿದ. ಹೆಸರು ಕೇಳಿದ. ಅವನಿಗೆ ಕಷ್ಟವಾಗಬಾರದೆಂದು ವಿಜಯಶ್ರೀ ಎದ್ದು ನಿಂತು, ಮೇಜಿನ ಹತ್ತಿರ ಬಂದು, ತನ್ನ ಹೆಸರಿನ ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳಿದಳು.